ಗುಂಡಿಗೆ ಬಿದ್ದು ಕಾರಿನ ಅಲಾಯ್ ರಿಮ್ ಬೆಂಡಾಗಿದೆ. ರಿಪೇರಿ ಮಾಡಿಸಬಹುದೇ, ಹೊಸದೇ ಹಾಕಿಸಬೇಕೇ?

ಅಂಚು ಸ್ವಲ್ಪ ಬೆಂಡಾಗಿದ್ದರೆ ಮಾಡಿಸಬಹುದು, ಬಿರುಕು ಬಿಟ್ಟಿದ್ದರೆ ಹೊಸದೇ ಹಾಕಿಸಿ. ಸ್ಟೀಲ್ ರಿಮ್ಮು ಸುತ್ತಿಗೆ ಏಟಿಗೆ ಬಗ್ಗುತ್ತದೆ. ಅಲಾಯ್ ಸಾಮಾನ್ಯವಾಗಿ ಎರಕ ಹೊಯ್ದ ಅಲ್ಯೂಮಿನಿಯಂ, ಬಡಿದರೆ ಸೀಳಬಹುದು. ಅದನ್ನು ಹೈಡ್ರಾಲಿಕ್ ಪ್ರೆಸ್‌ನಲ್ಲಿ ನಿಧಾನವಾಗಿ ಒತ್ತಿ ಸರಿಮಾಡಬೇಕು.

ಟೈರ್ ಬಿಚ್ಚಿಸಿ ಒಳಬದಿಯನ್ನು ನೀವೇ ಕಣ್ಣಾರೆ ನೋಡಿ, ಅಲ್ಲಿನ ಪೆಟ್ಟು ಹೊರಗಿನಿಂದ ಕಾಣುವುದಿಲ್ಲ. ಗಾಳಿ ಇಳಿಯುತ್ತಿದ್ದರೆ ಬಿಚ್ಚುವ ಮೊದಲು ಅಂಚಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದಲ್ಲೇ ಲೀಕ್. ಸ್ಪೋಕ್ ಬಳಿಯ ಬಿರುಕಿಗೆ 'ವೆಲ್ಡಿಂಗ್ ಮಾಡ್ಕೊಡ್ತೀನಿ ಸಾರ್' ಅಂದರೆ ಅಲ್ಲಿಂದ ಎದ್ದುಬನ್ನಿ. ಬಿಸಿಗೆ ಸುತ್ತಲಿನ ಲೋಹದ ಗಟ್ಟಿತನವೇ ಕುಗ್ಗುತ್ತದೆ.

ನಾನೊಮ್ಮೆ ಪ್ರೆಸ್ ಮಾಡಿಸಿ ವೀಲ್ ಬ್ಯಾಲೆನ್ಸಿಂಗ್ (ಚಕ್ರದ ತೂಕ ಸುತ್ತಲೂ ಸಮ ಮಾಡುವುದು) ಮರೆತಿದ್ದೆ: 80 ಕಿ.ಮೀ. ವೇಗ ದಾಟಿದರೆ ಸ್ಟೀರಿಂಗ್ ಗಡಗಡ. ಬರೀ ಫುಟ್‌ಪಾತಿಗೆ ಉಜ್ಜಿದ ಗೀರಾದರೆ ಪುಟ್ಟಿ, ಪೇಂಟ್ ಸಾಕು.