ಹಿಮ ಜುಲೈದಾಗ, ಮುತ್ತು ಕಟ್ಟಕಡೀಗೆ

ಡಿಸೆಂಬರ್ ಬಂತೆಂದರೆ ಒಟಿಟಿಯಲ್ಲಿ ಕ್ರಿಸ್‌ಮಸ್ ಪ್ರೇಮಕಥೆಗಳ ಸುಗ್ಗಿ. ಅಮೆರಿಕದ ಟಿವಿ ವಾಹಿನಿಗಳಿಗೆಂದೇ ತಯಾರಾಗುವ ಈ ಸಿನಿಮಾಗಳ ಬಗ್ಗೆ ಬಂದ ಪತ್ರಗಳಲ್ಲಿ ಈ ಸಲ ಆರನ್ನು ಆರಿಸಿದ್ದೇವೆ. ಮೂರು ನೋಡುವವರವು, ಮೂರು ತಾವೇ ಮಾಡಹೊರಟವರವು. ಮಾಡಹೊರಟವರಿಗೆ ಹೆಚ್ಚು ಜಾಗ ಹೋಗಿದೆ. ನೋಡುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಪ್ರಶ್ನೆ: ನಾಕು ಸಿನಿಮಾ ನೋಡಿದ್ವಿ. ನಾಕರಾಗೂ ಪ್ಯಾಟಿ ಹುಡುಗಿ ಸಣ್ಣ ಊರಿಗೆ ಬರ್ತಾಳ, ಒಬ್ಬನ ಜೋಡಿ ಜಗಳಾಡ್ತಾಳ, ಕಡೀಗೆ ಅವನ್ನ ಮೆಚ್ಚಿ ಅಲ್ಲೇ ಉಳೀತಾಳ. ‘ಕತಿ ಬರೆಯೋರಿಗೆ ಬ್ಯಾರೆ ಏನೂ ಹೊಳಿಯಂಗಿಲ್ಲೇನು’ ಅಂತ ನಮ್ಮ ಮನಿಯವರು ನಗ್ತಾರ. ಹಿಂಗ್ಯಾಕ್ರಿ?
— ಗೃಹಿಣಿ, ಬೆಟಗೇರಿ, ಗದಗ

ಉತ್ತರ: ಹೊಳೆಯುತ್ತದೆ, ಆದರೆ ಬರೆಯಲು ಬಿಡುವುದಿಲ್ಲ. ಈ ಸಿನಿಮಾಗಳ ಅಳತೆಪಟ್ಟಿ ಜಾಹೀರಾತಿನದು. ವಾಹಿನಿಯಲ್ಲಿ ಎರಡು ತಾಸಿನ ಹೊತ್ತು ಸಿಕ್ಕರೂ ಜಾಹೀರಾತು ಕಳೆದು ಕಥೆಗೆ ಉಳಿಯುವುದು ಸುಮಾರು 84 ನಿಮಿಷ. ಅದನ್ನು ಒಂಬತ್ತು ಅಂಕಗಳಾಗಿ ಒಡೆಯುತ್ತಾರೆ. ಮೊದಲನೆಯದು ಉದ್ದ, ಹೆಚ್ಚುಕಡಿಮೆ 20 ನಿಮಿಷ. ನೋಡುವವರು ಗಟ್ಟಿಯಾಗಿ ಕೂತ ಮೇಲೆಯೇ ಮೊದಲ ಜಾಹೀರಾತು ಬರಬೇಕು, ಅದಕ್ಕೆ. ಉಳಿದ ಎಂಟು ಅಂಕ ತಲಾ ಎಂಟು ನಿಮಿಷದ ಆಸುಪಾಸು. ಪ್ರತಿ ಅಂಕದ ಕೊನೆಗೆ ಒಂದು ಸಣ್ಣ ಕೊಕ್ಕೆ: ಬಾಗಿಲು ಬಡಿಯುತ್ತದೆ, ಫೋನ್ ಬರುತ್ತದೆ, ಇಲ್ಲವೇ ಮುತ್ತು ಕೊಡಲು ಬಾಗಿದವರ ನಡುವೆ ಅಜ್ಜಿ ಬರುತ್ತಾಳೆ. ನಿಜವಾದ ಮುತ್ತು ಕೊನೆಯ ಎರಡು-ಮೂರು ನಿಮಿಷದಲ್ಲಿ. ಮುಂಚೆಯೇ ಕೊಟ್ಟರೆ ರಿಮೋಟ್ ಕೈಗೆ ಬಂತೆಂದೇ ಲೆಕ್ಕ.

ಇನ್ನೊಂದು ಕಾರಣ ದುಡ್ಡು. ಇಂಥ ಸಿನಿಮಾದ ಖರ್ಚು ಸಾಮಾನ್ಯವಾಗಿ 20 ಲಕ್ಷ ಡಾಲರಿನ ಸುತ್ತಮುತ್ತ, ಚಿತ್ರೀಕರಣ 15 ದಿನದ ಹತ್ತಿರಹತ್ತಿರ. ಅಂದರೆ ದಿನಕ್ಕೆ ಚಿತ್ರಕಥೆಯ ಆರೇಳು ಪುಟ ಮುಗಿಯಬೇಕು. ದೊಡ್ಡ ಸಿನಿಮಾದವರು ಎರಡು-ಮೂರು ಪುಟಕ್ಕೇ ದಣಿಯುತ್ತಾರೆ. ಆದ್ದರಿಂದ ಮುಖ್ಯಪಾತ್ರ ಎರಡೇ, ಮನೆ ಮೂರು-ನಾಲ್ಕು, ಬೀದಿ ಒಂದೇ. ಆ ‘ಅಮೆರಿಕದ ಸಣ್ಣ ಊರು’ ಬಹುಪಾಲು ಕೆನಡಾದ್ದು. ಅಲ್ಲಿ ತೆರಿಗೆ ರಿಯಾಯಿತಿ ಸಿಗುತ್ತದೆ. ಬ್ರಿಟಿಷ್ ಕೊಲಂಬಿಯಾದ ವ್ಯಾಂಕೂವರ್ ಸುತ್ತಿನ ಊರುಗಳು, ಒಂಟಾರಿಯೋದ ಆಲ್ಮಾಂಟ್ ಪದೇಪದೇ ಕಾಣಿಸುತ್ತವೆ. ನೀವು ಒಂದೇ ಗಡಿಯಾರದ ಕಂಬವನ್ನು ಎರಡು ಸಿನಿಮಾದಲ್ಲಿ ಕಂಡಿದ್ದರೆ ಅದು ಕಣ್ಣಿನ ಭ್ರಮೆಯಲ್ಲ.

ಇದರ ಮೂಲ ಒಂದು ಶುಭಾಶಯ ಪತ್ರದ ಕಂಪನಿ. ಹಾಲ್‌ಮಾರ್ಕ್ ಅಮೆರಿಕದ ಕನ್ಸಾಸ್ ಸಿಟಿಯಲ್ಲಿ 1910ರಲ್ಲಿ ಶುರುವಾಯಿತು. 1951ರ ಡಿಸೆಂಬರ್ 24ರಂದು ಟಿವಿಗಾಗಿಯೇ ಬರೆಸಿದ ಒಂದು ಸಂಗೀತ ನಾಟಕವನ್ನು ಪ್ರಾಯೋಜಿಸಿತು. ಅದರ ಹೆಸರಿನ ವಾಹಿನಿ ಬಂದದ್ದು 2001ರಲ್ಲಿ, ಡಿಸೆಂಬರಿಗೆ ಮುಂಚೆಯೇ ಹಗಲೂ ರಾತ್ರಿ ಕ್ರಿಸ್‌ಮಸ್ ಸಿನಿಮಾ ಹಾಕುವ ಪದ್ಧತಿ 2009ರಿಂದ. ಕಾರ್ಡಿನ ಮೇಲಿನ ಎರಡು ಸಾಲಿಗೆ ಎಷ್ಟು ಆಶ್ಚರ್ಯ ನಿರೀಕ್ಷಿಸುತ್ತೀರೋ ಅಷ್ಟನ್ನೇ ಇಲ್ಲೂ ನಿರೀಕ್ಷಿಸಿ. ಸತ್ಯಭಾಮೆಯ ಸಿಟ್ಟು ಇಳಿದೇ ಇಳಿಯುತ್ತದೆಂದು ಗೊತ್ತಿದ್ದೂ ಪಾರಿಜಾತದ ಆಟಕ್ಕೆ ಬೆಳತನಕ ಕೂರುವ ಸೀಮೆ ನಮ್ಮದು. ಹೇಗೆ ಇಳಿಸುತ್ತಾರೆ ಎಂಬುದನ್ನಲ್ಲವೇ ನೋಡುವುದು? ನಿಮ್ಮ ಮನೆಯವರಿಗೆ ಇದನ್ನು ಹೇಳಿ ನೋಡಿ.

ಪ್ರಶ್ನೆ: ಇದೇ ಧಾಟಿಯಲ್ಲಿ 12 ನಿಮಿಷದ ಕಿರುಚಿತ್ರ ಬರೆಯುತ್ತಿದ್ದೇವೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗಿ ಡಿಸೆಂಬರಿನಲ್ಲಿ ಬ್ಯಾಡಗಿಗೆ, ಅಪ್ಪನ ಮೆಣಸಿನಕಾಯಿ ಅಂಗಡಿಗೆ ಬರುತ್ತಾಳೆ. ಎಷ್ಟು ಬರೆದರೂ ಇಂಗ್ಲಿಷ್ ಸಿನಿಮಾದ ನಕಲಿನಂತೆ ಕಾಣುತ್ತದೆ. ಮುತ್ತಿನ ದೃಶ್ಯವಂತೂ ಮನೆಯವರ ಮುಂದೆ ತೋರಿಸಲು ಆಗದು.
— ವಿದ್ಯಾರ್ಥಿನಿಯರು, ಸಪ್ತಾಪುರ, ಧಾರವಾಡ

ಉತ್ತರ: ಒಂಬತ್ತು ಅಂಕ ಮರೆಯಿರಿ. ನಿಮಗೆ ಜಾಹೀರಾತಿಲ್ಲ, ನಾಲ್ಕು ತಿರುವು ಸಾಕು. ಪುಟಕ್ಕೆ ಒಂದು ನಿಮಿಷ ಎಂದು ಹಿಡಿದು 12 ಪುಟ. ಎರಡನೇ ಪುಟ ಮುಗಿಯುವುದರೊಳಗೆ ಇಬ್ಬರೂ ಎದುರಾಗಿ ಒಂದು ಮಾತಿಗೆ ಮಾತು ಬೆಳೆದಿರಬೇಕು. ನಾಲ್ಕನೆಯದರಲ್ಲಿ ಇಬ್ಬರೂ ಕೂಡಿ ಮಾಡಲೇಬೇಕಾದ ಒಂದು ಕೆಲಸ, ಅದಕ್ಕೊಂದು ಗಡುವು; 24ರ ರಾತ್ರಿ ಇದ್ದೇ ಇದೆ. ಏಳನೆಯದರಲ್ಲಿ ಆಗಿಯೇಬಿಟ್ಟಿತು ಅನ್ನುವಾಗ ತಪ್ಪುವ ಘಳಿಗೆ. ಒಂಬತ್ತನೆಯದರಲ್ಲಿ ಅಪಾರ್ಥ. ಉಳಿದ ಮೂರು ಪುಟ ಅದನ್ನು ಬಿಡಿಸಲಿಕ್ಕೆ. ಹೊಸಬರು ಈ ಮೂರನ್ನು ಒಂದಕ್ಕೆ ಇಳಿಸುತ್ತಾರೆ. ಕೊನೆ ಓಡಿದಂತೆ ಕಾಣುವುದು ಅಲ್ಲಿ.

ಹೆಚ್ಚು ಸ್ಕ್ರಿಪ್ಟುಗಳು ಕೆಡುವುದು ಅಪಾರ್ಥದಲ್ಲಿ. ಹುಡುಗಿ ಫೋನಿನಲ್ಲಿ ಆಡಿದ ಅರ್ಧ ಮಾತು ಹುಡುಗನ ಕಿವಿಗೆ ಬೀಳುತ್ತದೆ, ಅವನು ಮುಖ ಊದಿಸಿಕೊಂಡು ಹೋಗುತ್ತಾನೆ. ನಮ್ಮ ಪ್ರೇಕ್ಷಕರು ಕೂತಲ್ಲಿಂದಲೇ ‘ಒಂದು ಫೋನ್ ಹಚ್ಚಿ ಕೇಳಪಾ’ ಅನ್ನುತ್ತಾರೆ. ಅವನು ಯಾಕೆ ಕೇಳಲಾರ ಎಂಬುದನ್ನು ಮೊದಲೇ ನೆಟ್ಟಿಡಿ. ಅವಳ ಅಪ್ಪನ ಅಂಗಡಿಯಲ್ಲಿ ಅವನೇ ಲೆಕ್ಕ ಬರೆಯುವವನಾದರೆ? ಆಗ ಕೇಳುವುದಕ್ಕೆ ಬಾಯಿ ಬರುವುದಿಲ್ಲ, ಹೊಸ ಪಾತ್ರವೂ ಬೇಕಾಗುವುದಿಲ್ಲ. ಬೆಂಗಳೂರಿನಲ್ಲಿ ಅವಳಿಗೆ ಗೊತ್ತಾದ ವರನೊಬ್ಬ ಇದ್ದರೆ ಅವನನ್ನು ರಾಕ್ಷಸ ಮಾಡಬೇಡಿ. ಒಳ್ಳೆಯವನೇ ಇರಲಿ, ಆದರೆ ಅವನ ಜೊತೆ ಇದ್ದಾಗ ಹುಡುಗಿ ಪ್ರತಿ ಮಾತನ್ನೂ ತೂಗಿ ಆಡಲಿ.

ಇನ್ನು ಮುತ್ತು. ಆ ಸಿನಿಮಾಗಳಲ್ಲಿ ಮುತ್ತು ಅಂದರೆ ಕೊನೆಯವರೆಗೂ ತಡೆಹಿಡಿದ ಒಂದು ವಸ್ತು, ಅಷ್ಟೇ. ಅದಕ್ಕಿಂತ ಗಟ್ಟಿಯಾದದ್ದು ನಮ್ಮ ಮಾತಿನಲ್ಲೇ ಇದೆ: ‘ರೀ’. ಇಬ್ಬರೂ ಚಿತ್ರದುದ್ದಕ್ಕೂ ‘ಬರ್ರಿ, ಕೂಡ್ರಿ, ಹೇಳ್ರಿ’ ಎಂದೇ ಮಾತಾಡಲಿ. ಏಳನೇ ಪುಟದಲ್ಲಿ ಅವಳ ಬಾಯಿಂದ ‘ನೀ…’ ಎಂದು ಹೊರಡಲಿ, ಅಷ್ಟರಲ್ಲಿ ಅಪ್ಪ ಒಳಗೆ ಬರಲಿ, ಅವಳು ‘…ರು ಕುಡೀತೀರೇನ್ರಿ?’ ಎಂದು ಮುಗಿಸಲಿ. ಹನ್ನೆರಡನೇ ಪುಟದಲ್ಲಿ ಬಸ್ಸು ಹೊರಡುವಾಗ ಬರೀ ‘ಇಳಿ’ ಅಂದರೆ ಸಾಕು. ಆ ಒಂದು ಮಾತಿಗೆ ಜನ ಸಿಳ್ಳೆ ಹೊಡೆಯಬೇಕಾದರೆ ಹಿಂದಿನ ಹನ್ನೊಂದು ಪುಟದಲ್ಲಿ ಒಂದೇ ಒಂದು ಏಕವಚನ ತಪ್ಪಿಯೂ ನುಸುಳಿರಬಾರದು. ತಿದ್ದುವಾಗ ಕೆಂಪು ಪೆನ್ನು ಹಿಡಿದು ಇದನ್ನೇ ಹುಡುಕಿ.

ಬ್ಯಾಡಗಿಯ ಕೆಂಪು ರಾಶಿ ಕ್ರಿಸ್‌ಮಸ್ ಬಣ್ಣವನ್ನು ಬಿಟ್ಟಿ ಕೊಡುತ್ತದೆ, ನಿಜ. ಆದರೆ ಘಾಟಿಗೆ ಐದೇ ನಿಮಿಷದಲ್ಲಿ ಕಣ್ಣು ಕೆಂಪಾಗಿ, ಕೆಮ್ಮು ಸಂಭಾಷಣೆಗೆ ಸೇರಿಕೊಳ್ಳುತ್ತದೆ. ರಾಶಿಯ ದೂರದ ಶಾಟುಗಳನ್ನು ಮಾತಿಲ್ಲದೆ ತೆಗೆಯಿರಿ. ಹತ್ತಿರದ ಮಾತುಕತೆಯನ್ನು ಗಾಳಿ ಬೀಸಿ ಬರುವ ಕಡೆ ರಾಶಿಯಿಂದ ದೂರ ನಿಲ್ಲಿಸಿ, ಹಿಂದೆ ನಾಲ್ಕು ತುಂಬಿದ ಚೀಲ ಒರಗಿಸಿ ಮುಗಿಸಿ.

ಪ್ರಶ್ನೆ: ನಮ್ಮ ಚರ್ಚಿನ ಯುವಕ ಸಂಘದಿಂದ ಒಂದು ಪ್ರೇಮಕಥೆಯ ನಾಟಕ. 20 ಅಡಿ ಅಗಲದ ವೇದಿಕೆ. ಹೋದ ವರ್ಷ ಥರ್ಮೋಕೋಲ್ ಪುಡಿ ಬಳಸಿದ್ದು ಎಲ್ಲರ ಬಟ್ಟೆ, ಕೂದಲಿಗೆ ಅಂಟಿತು. ಸಿನಿಮಾದವರು ಹಿಮವನ್ನು ಹೇಗೆ ಮಾಡುತ್ತಾರೆ?
— ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಅವರೂ ಬಹಳ ತಪ್ಪು ಮಾಡಿಯೇ ಕಲಿತರು. 1930ರ ದಶಕದಲ್ಲಿ ಹಾಲಿವುಡ್‌ನಲ್ಲಿ ಕಲ್ನಾರಿನ ಪುಡಿಯನ್ನೇ ಹಿಮವೆಂದು ಉದುರಿಸುತ್ತಿದ್ದರು; ಅದು ಶ್ವಾಸಕೋಶಕ್ಕೆ ವಿಷ. ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್ ಕೂಡ ಚಾಲ್ತಿಯಲ್ಲಿತ್ತು. ಕಾಲಿಟ್ಟರೆ ಹಪ್ಪಳ ಮುರಿದಂತೆ ಸದ್ದು, ಮಾತನ್ನೆಲ್ಲ ಆಮೇಲೆ ಡಬ್ ಮಾಡಬೇಕಿತ್ತು. 1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಚಿತ್ರದವರು ಬೆಂಕಿ ಆರಿಸುವ ನೊರೆಗೆ ಸಾಬೂನು, ನೀರು ಬೆರೆಸಿ ಒತ್ತಡದಲ್ಲಿ ಊದಿ ಸದ್ದಿಲ್ಲದ ಹಿಮ ಮಾಡಿದರು. ಈಗಿನ ಟಿವಿ ಸಿನಿಮಾಗಳು ನೆಲಕ್ಕೆ ಬಿಳಿ ಹೊದಿಕೆ, ಅದರ ಮೇಲೆ ಕಾಗದದ ಪುಡಿ, ಗಾಳಿಯಲ್ಲಿ ನೊರೆ ಎಂದು ಮೂರನ್ನೂ ಬೆರೆಸುತ್ತವೆ. ಅದೂ ಹೆಚ್ಚಾಗಿ ಬೇಸಿಗೆಯಲ್ಲಿ, ನಟರು ಉಣ್ಣೆ ಕೋಟಿನೊಳಗೆ ಬೆವರುತ್ತಿರುವಾಗ.

ನಿಮ್ಮ ನೆಲಕ್ಕೆ: ಹಾಸಿಗೆ-ರಜಾಯಿ ಹೊಲಿಯುವವರ ಅಂಗಡಿಯಲ್ಲಿ ಸಿಗುವ, ಹತ್ತಿಯಂತೆ ಮೆತ್ತಗಿನ ಪಾಲಿಯೆಸ್ಟರ್ ಹಾಳೆ ತನ್ನಿ. ಕೆಳಗೆ ಬಿಳಿ ಚಾದರ, ನಡುನಡುವೆ ಮಡಿಸಿದ ಗೋಣಿಚೀಲ ಇಟ್ಟು ಉಬ್ಬು ಮಾಡಿ, ಮೇಲೆ ಈ ಹಾಳೆ. ಅಂಚನ್ನು ಕತ್ತರಿಯಿಂದ ಕತ್ತರಿಸಬೇಡಿ, ಕೈಯಿಂದ ಹರಿಯಿರಿ. ನೆಟ್ಟಗಿನ ಗೆರೆ ಕಂಡರೆ ಅದು ಬಟ್ಟೆಯೆಂದು ಹಿಂದಿನ ಸಾಲಿಗೂ ಗೊತ್ತಾಗುತ್ತದೆ. ನಟರು ನಡೆಯುವ ದಾರಿಯಲ್ಲಿ ಹಾಳೆಯನ್ನು ಟೇಪಿನಿಂದ ಬಿಗಿ ಮಾಡಿ, ಇಲ್ಲವಾದರೆ ನಾಯಕಿ ನಾಯಕನ ತೋಳಿಗೆ ಬೀಳಬೇಕಾದ ಹೊತ್ತಿಗೆ ಮುಂಚೆಯೇ ಬೀಳುತ್ತಾಳೆ. ಹತ್ತಿ ಊರಲ್ಲೇ ಬೇಕಾದಷ್ಟು ಸಿಗುತ್ತದೆಂದು ಅದನ್ನೇ ಹರಡಬೇಡಿ, ಒಂದು ಕಿಡಿ ಸಾಕು. ಪಾಲಿಯೆಸ್ಟರೂ ಉರಿಯುತ್ತದೆ, ಕರಗಿ ಮೈಗೆ ಅಂಟುತ್ತದೆ. ವೇದಿಕೆಯ ಮೇಣದಬತ್ತಿಗಳೆಲ್ಲ ಬ್ಯಾಟರಿಯವೇ ಆಗಿರಲಿ.

ಉದುರುವ ಹಿಮಕ್ಕೆ ತೊಟ್ಟಿಲು ಕಟ್ಟಿ. 12 ಅಡಿ ಉದ್ದ, 3 ಅಡಿ ಅಗಲದ ಬಟ್ಟೆ. ಅಗಲದ ಅರ್ಧ ಭಾಗದಲ್ಲಿ ಮಾತ್ರ ಅರ್ಧ ಇಂಚಿನ ಸೀಳುಗಳನ್ನು ನಾಲ್ಕು ಇಂಚಿಗೊಂದರಂತೆ ಕತ್ತರಿಸಿ. ಒಂದು ಅಂಚನ್ನು ಮೇಲಿನ ಪೈಪಿಗೆ ಗಟ್ಟಿಯಾಗಿ ಕಟ್ಟಿ, ಸೀಳಿರುವ ಕಡೆಯ ಅಂಚನ್ನು ಹಗ್ಗಕ್ಕೆ ಕಟ್ಟಿ ಪರದೆಯ ಮರೆಗೆ ತನ್ನಿ. ಹಗ್ಗ ಮೆಲ್ಲಗೆ ಅಲ್ಲಾಡಿಸಿದಷ್ಟೂ ಬೀಳುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ. ಒಳಗೆ ಬಿಳಿ ಟಿಶ್ಯೂ ಕಾಗದದ ಕಾಲು ಇಂಚಿನ ಚೂರುಗಳು. ನೋಟ್‌ಬುಕ್ ಕಾಗದ ಭಾರ, ತೂರಾಡದೆ ನೇರ ಬೀಳುತ್ತದೆ. ಪ್ರಾಕ್ಟೀಸಿನಲ್ಲಿ ಬಿದ್ದದ್ದನ್ನು ಗುಡಿಸಿ ಮತ್ತೆ ತುಂಬುವುದಾದರೆ ಮೊದಲು ಜರಡಿ ಹಿಡಿಯಿರಿ. ಕಸಬರಿಗೆಯ ಜೊತೆ ಮೊಳೆ, ಪಿನ್ನು ಬಂದಿರುತ್ತವೆ, ಅವು ಬೀಳುವುದು ನಟರ ಕಣ್ಣಿಗೆ.

ನಾಯಕನ ಭುಜ, ಕಿಟಕಿಯ ಕಟ್ಟೆ ಮುಂತಾದ ಹತ್ತಿರದ ಜಾಗಕ್ಕೆ ನೀರು ಹೀರಿ ಉಬ್ಬುವ ‘ಇನ್‌ಸ್ಟಂಟ್ ಸ್ನೋ’ ಪುಡಿ ಚೆನ್ನ. ಚಹಾ ಚಮಚ ಪುಡಿಗೆ 60 ಮಿಲಿ ನೀರಿನಿಂದ ಶುರು ಮಾಡಿ. ಇಲ್ಲೊಂದು ಸೂಕ್ಷ್ಮ: ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಆ ಪುಡಿಯನ್ನು ಉಬ್ಬಲು ಬಿಡುವುದಿಲ್ಲ. ಬೋರ್‌ವೆಲ್ ನೀರು ಹಾಕಿ ‘ಪುಡಿ ನಕಲಿ’ ಎಂದು ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ, ಆರ್‌ಒ ನೀರು ಹಾಕಿ ನೋಡಿ. ಸಾಬೂದಾಣಿ ಗಂಜಿಯಂತಾದರೆ ನೀರು ಹೆಚ್ಚಾಗಿದೆ, ಚಿಟಿಕೆ ಪುಡಿ ಸೇರಿಸಿ. ನೆಲಕ್ಕೆ ಬಿದ್ದರೆ ಜಾರುತ್ತದೆ. ಉಪ್ಪು ಚೆಲ್ಲಿದರೆ ಇಳಿದು ನೀರಾಗುತ್ತದೆ, ಆಗ ಒರೆಸಿ. ಮೋರಿಗೆ ಸುರಿಯಬೇಡಿ, ಚಿಕ್ಕ ಮಕ್ಕಳ ಕೈಗೂ ಕೊಡಬೇಡಿ.

ಕಿಟಕಿ ಗಾಜಿಗೆ ಮಂಜಿನ ಹೂ ಮೂಡಿಸಲು ಎಪ್ಸಮ್ ಉಪ್ಪು ಅರ್ಧ ಬಟ್ಟಲು, ಬಿಸಿನೀರು ಅರ್ಧ ಬಟ್ಟಲು, ಪಾತ್ರೆ ತೊಳೆಯುವ ದ್ರವ ನಾಲ್ಕು ಹನಿ. ಬ್ರಷ್‌ನಿಂದ ಬಳಿದು ಒಣಗಲು ಬಿಟ್ಟರೆ ಹರಳು ಕಟ್ಟುತ್ತದೆ. ಔಷಧದಂಗಡಿಗಿಂತ ಗೊಬ್ಬರದ ಅಂಗಡಿಯಲ್ಲಿ ‘ಮೆಗ್ನೀಸಿಯಂ ಸಲ್ಫೇಟ್’ ಎಂದು ಕೇಳಿ, ಅಗ್ಗ.

ಮದುವೆ, ಹುಟ್ಟುಹಬ್ಬದಲ್ಲಿ ಹಾರಿಸುವ ಸ್ಪ್ರೇ ಡಬ್ಬಿ ಮಾತ್ರ ಬೇಡವೇ ಬೇಡ. ಹಲವು ಡಬ್ಬಿಗಳಲ್ಲಿ ಒತ್ತಡಕ್ಕೆ ತುಂಬುವುದು ಉರಿಯುವ ಅನಿಲ. ಮೇಣದಬತ್ತಿ ಹಿಡಿದ ಮಕ್ಕಳ ಸಾಲಿನ ಪಕ್ಕ ಅದನ್ನು ಒತ್ತಿದರೆ ಏನಾದೀತು, ನೀವೇ ಯೋಚಿಸಿ.

ಪ್ರಶ್ನೆ: ಬಾಗಿಲ ಮೇಲೆ ಒಂದು ಎಲೆಗೊಂಚಲು ಕಟ್ಟಿರುತ್ತಾರೆ, ಅದರ ಕೆಳಗೆ ಬಂದವರಿಗೆ ಮುತ್ತು ಕೊಡಲೇಬೇಕಂತೆ. ಅದು ನಮ್ಮ ಕಡೆ ಬೆಳೆಯುವ ಗಿಡವೇ?
— ಮಾವಿನ ತೋಟದವರು, ಹಾನಗಲ್ಲ ತಾಲೂಕು, ಹಾವೇರಿ

ಉತ್ತರ: ಅದೇ ಅಲ್ಲ, ಅದರ ದಾಯಾದಿ ಬೆಳೆಯುತ್ತದೆ, ನೀವು ಅದನ್ನು ಬೈದು ಕಡಿದು ಹಾಕುತ್ತೀರಿ. ಸಿನಿಮಾದ ಆ ಗೊಂಚಲು ಮಿಸಲ್‌ಟೋ, ಎಂದರೆ ಯುರೋಪಿನ ಬಂದಳಿಕೆ. ನಿಮ್ಮ ಮಾವಿನ ಕೊಂಬೆಯ ಮೇಲೆ ಕೂತು ರಸ ಹೀರುವ ಬಂದಳಿಕೆಯ ದೂರದ ದಾಯಾದಿ; ಇಬ್ಬರೂ ಶ್ರೀಗಂಧದ ಗಣಕ್ಕೇ ಸೇರಿದವರು. ಅಲ್ಲಿಯದಕ್ಕೆ ಬಿಳಿ ಹಣ್ಣು, ತಿಂದರೆ ವಿಷ. ಎರಡರ ಬೀಜವೂ ಅಂಟಂಟು. ಹಕ್ಕಿ ತಿಂದು ಇನ್ನೊಂದು ಕೊಂಬೆಗೆ ಒರೆಸಿದರೆ ಅಲ್ಲೇ ಬೇರು ಬಿಡುತ್ತದೆ. ಹಬ್ಬಕ್ಕೆ ಬೇಕಿದ್ದರೆ ಒಂದು ಗೊಂಚಲು ಬಾಗಿಲಿಗೆ ಕಟ್ಟಿ. ಕಡಿಯುವಾಗ ಬಂದಳಿಕೆ ಹತ್ತಿದ ಜಾಗದಿಂದ ಒಂದು ಗೇಣು ಕೆಳಗೆ ಕೊಂಬೆಯನ್ನೇ ಕಡಿಯಿರಿ, ಬರೀ ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ.

ಪ್ರಶ್ನೆ: ಮೊಬೈಲಿನಲ್ಲಿ ಶೂಟ್ ಮಾಡಿದರೆ ಸೀರಿಯಲ್ ಲೈಟ್‌ಗಳು ಪಟಪಟ ಹೊಡೆದುಕೊಳ್ಳುತ್ತವೆ. ಆ ಸಿನಿಮಾಗಳ ಬೆಚ್ಚನೆಯ ಹಳದಿಯೂ ಬರುವುದಿಲ್ಲ.
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ನಮ್ಮ ಕರೆಂಟು 50 ಹರ್ಟ್ಜ್. ಮೊಬೈಲು ತನ್ನಷ್ಟಕ್ಕೆ ಸೆಕೆಂಡಿಗೆ 30 ಫ್ರೇಮಿಗೆ, ಸಿಕ್ಕ ಶಟರಿಗೆ (ಪ್ರತಿ ಫ್ರೇಮಿಗೆ ಬೆಳಕು ಬಿಡುವ ಹೊತ್ತಿಗೆ) ಹೋಗುತ್ತದೆ, ಎರಡರ ತಾಳ ಕೂಡುವುದಿಲ್ಲ. ಮ್ಯಾನ್ಯುವಲ್ ಮೋಡಿನಲ್ಲಿ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡಿ. ಅಗ್ಗದ ಸೆಟ್ಟುಗಳಿಗೆ 1/100 ಕೂಡ ಆಗದು, 1/50ನ್ನೇ ಹಿಡಿಯಿರಿ. ಬಣ್ಣಕ್ಕೆ ವೈಟ್ ಬ್ಯಾಲೆನ್ಸನ್ನು ಆಟೋದಿಂದ ತೆಗೆದು 4000 ಕೆಲ್ವಿನ್‌ಗೆ ಕಟ್ಟಿಹಾಕಿ: ಮನೆಯೊಳಗಿನ ಹಳದಿ ಬಲ್ಬು ಬೆಚ್ಚಗೆ, ಹೊರಗಿನ ಮುಸ್ಸಂಜೆ ನೀಲಿಯಾಗಿ ಬರುತ್ತವೆ. ಡಿಸೆಂಬರಿನಲ್ಲಿ ಹುಬ್ಬಳ್ಳಿಯಲ್ಲಿ ಆ ನೀಲಿ ಸಿಗುವುದು ಸಂಜೆ ಸುಮಾರು 6.10ರಿಂದ 6.30ರವರೆಗೆ, ಇಪ್ಪತ್ತೇ ನಿಮಿಷ. ನಟರು ಅಷ್ಟು ಹೊತ್ತಿಗೆ ಚಹಾ ಮುಗಿಸಿ ನಿಂತಿರಬೇಕು. ಅವರನ್ನು ದೀಪದ ಗಿಡದಿಂದ ಎಂಟು-ಹತ್ತು ಅಡಿ ಮುಂದೆ ನಿಲ್ಲಿಸಿ, ಹಿಂದಿನ ದೀಪಗಳು ಮಸುಕಾಗಿ ಗುಂಡಗೆ ಅರಳುತ್ತವೆ.

ಪ್ರಶ್ನೆ: ಅಷ್ಟು ಹಿಮ ಬಿದ್ದರೂ ಅವರ ಬಾಯಿಂದ ಹಬೆ ಯಾಕೆ ಬರುವುದಿಲ್ಲ? ಕಾಫಿ ಕಪ್ ಹಿಡಿದು ಗಾಳಿಯಲ್ಲಿ ತೂಗಾಡಿಸುತ್ತಾರೆ, ಒಂದು ಹನಿಯೂ ಚೆಲ್ಲುವುದಿಲ್ಲ!
— ನಿವೃತ್ತ ಶಿಕ್ಷಕರು, ಮಾಳಮಡ್ಡಿ, ಧಾರವಾಡ

ಉತ್ತರ: ಗುರುಗಳೇ, ನಿಮ್ಮ ಕಣ್ಣಿಗೆ ಪೂರ್ತಿ ಅಂಕ. ಬಾಯಿಯ ಹಬೆ ಕಾಣಲು ಸಾಮಾನ್ಯವಾಗಿ 7 ಡಿಗ್ರಿಗಿಂತ ಕೆಳಗಿನ ಚಳಿ ಬೇಕು. ಜುಲೈಯಲ್ಲಿ ತೆಗೆದ ‘ಡಿಸೆಂಬರ್’ನಲ್ಲಿ ಅದೆಲ್ಲಿಂದ ಬರಬೇಕು? ಕಂಪ್ಯೂಟರಿನಲ್ಲಿ ಸೇರಿಸಲು ದುಡ್ಡು ಹೋಗುತ್ತದೆ. ಕಪ್ ಖಾಲಿ. ಕೋಟಿನ ಮೇಲೆ ಕಾಫಿ ಬಿದ್ದರೆ ಅರ್ಧ ತಾಸು ಹಾಳು, ಅದಕ್ಕೇ ಖಾಲಿ ಇಡುತ್ತಾರೆ. ನಾಟಕದವರು ಇದನ್ನು ಓದುತ್ತಿದ್ದರೆ ಕಪ್‌ಗೆ ಮುಕ್ಕಾಲು ನೀರು ತುಂಬಿ ಮುಚ್ಚಳ ಹಾಕಿ ಕೊಡಿ, ಮಣಿಕಟ್ಟು ತಾನಾಗಿಯೇ ಭಾರ ಹಿಡಿಯುತ್ತದೆ.