ಕೃಪೆ: ಇಂಟರ್ನೆಟ್

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ನಾನು ದಾವಣಗೆರೆಯವನು. ಮೊಬೈಲಿನಲ್ಲೇ ವಿಡಿಯೋ ಮಾಡಿ ಹಾಕುತ್ತೇನೆ. ಬೆಣ್ಣೆದೋಸೆ ಬಗ್ಗೆ ಮಾಡಿದ ಯೂಟ್ಯೂಬ್ ವಿಡಿಯೋಗೆ ಬರೀ ಹತ್ತು ಸೆಕೆಂಡ್ ಸಿನಿಮಾ ಹಾಡು ಹಾಕಿದ್ದೆ. ಕೆಳಗೆ ಆಡಿಯೋ ಕಂಪನಿ ಹೆಸರೂ ಬರೆದಿದ್ದೆ. ಆದರೂ ಕಾಪಿರೈಟ್ ಕ್ಲೇಮ್ ಬಂತು. ನಾನು ಚಿತ್ರದುರ್ಗದ ಕೋಟೆಯಲ್ಲಿ ಮಾಡಿದ ವಿಡಿಯೋವನ್ನು ಫೇಸ್‌ಬುಕ್ಕಿನ ಒಂದು ದೊಡ್ಡ ಪೇಜಿನವರು ಪೂರ್ತಿ ಎತ್ತಿ ಹಾಕಿಕೊಂಡಿದ್ದಾರೆ. ಅವರಿಗೆ ಏನೂ ಆಗಿಲ್ಲ. ಮದುವೆ ಮನೆಯಲ್ಲಿ ರಾತ್ರಿಯಿಡೀ ಹಾಡು ಹಾಕಿದರೂ ಯಾರೂ ಕೇಳಲ್ಲ. ಕಾಪಿರೈಟ್ ದೊಡ್ಡವರಿಗೆ ಮಾತ್ರವಾ? ಮುಂದಿನ ವಿಡಿಯೋ ಓಬವ್ವನ ಬಗ್ಗೆ. ಅದಕ್ಕೆ ನಿಮ್ಮ ಹಿಂದಿನ ಸಂಚಿಕೆಯ ಗೋಪಾಲಸ್ವಾಮಿ ಹೊಂಡದ ಫೋಟೋ ಬಳಸಬಹುದಾ?

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ನಾಚಿಕೆ ಆಯಿತು. ನಾಚಿಕೆಯ ಕಥೆ ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ದುರ್ಗದ ಕೋಟೆಯ ಮೇಲೆ ಒಂದು ಲೇಖನ ಹಾಕಿದೆವು. ಪುಟ ಕಟ್ಟುವಾಗ ರಾತ್ರಿ ಹನ್ನೊಂದು. ಫೋಟೋ ಇರಲಿಲ್ಲ. ಹುಡುಕಿದಾಗ ಸಿಕ್ಕಿದ ಒಂದನ್ನು ಇಳಿಸಿಕೊಂಡು, ಕೆಳಗೆ ಸಣ್ಣ ಅಕ್ಷರದಲ್ಲಿ ‘ಕೃಪೆ: ಇಂಟರ್ನೆಟ್’ ಅಂತ ಹಾಕಿ ಪ್ರೆಸ್ಸಿಗೆ ಕಳಿಸಿದೆ. ಹತ್ತು ದಿನಕ್ಕೆ ದುರ್ಗದಿಂದ ಒಬ್ಬರು ಆಫೀಸಿಗೆ ಬಂದರು. ಚೀಲದಿಂದ ಸಂಚಿಕೆ ತೆಗೆದು ಆ ಪುಟವನ್ನು ಮೇಜಿನ ಮೇಲೆ ಹರಡಿದರು. ಪಕ್ಕದಲ್ಲಿ ಅದೇ ಫೋಟೋದ ದೊಡ್ಡ ಪ್ರಿಂಟ್ ಇಟ್ಟರು. ಜಾಗ ಸಾಲದೆ ನಾವು ಬಲಗಡೆ ಅಂಚು ಕತ್ತರಿಸಿದ್ದೆವು. ಪ್ರಿಂಟಿನಲ್ಲಿ ನೋಡಿದರೆ, ಅದೇ ಅಂಚಿನಲ್ಲಿ ಒಬ್ಬ ಅಜ್ಜಿ ಕೊಡೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾರೆ. "ಈ ಅಜ್ಜಿಗೋಸ್ಕರ ಮೂರು ದಿನ ಮಳೇಲಿ ಕಾದಿದ್ದೆ ಸಾರ್" ಅಂದರು. ಆಮೇಲೆ ಅವರ ಬೆರಳು ಕೆಳಗಿನ ಸಾಲಿಗೆ ಹೋಯಿತು. "ಇಂಟರ್ನೆಟ್ಟು ಕೋಟೆ ಹತ್ತಿತ್ತಾ?"

ಟೀ ತರಿಸಿದೆ. ಇನ್ನೇನು ಮಾಡಲಿ? ಮುಂದಿನ ಸಂಚಿಕೆಯಲ್ಲಿ ತಪ್ಪೊಪ್ಪಿಕೊಂಡೆವು, ಸಂಭಾವನೆಯನ್ನೂ ಕೊಟ್ಟೆವು.

ಹಾಗಾಗಿ ‘ಹೆಸರು ಹಾಕಿದ್ದೆನಲ್ಲ’ ಅನ್ನುವ ನಿಮ್ಮ ಮಾತಿಗೆ ನನ್ನ ಹತ್ತಿರ ಜಾಸ್ತಿ ಕನಿಕರ ಇಲ್ಲ. ಪಕ್ಕದ ಮನೆಯ ಸೈಕಲ್ ಹೇಳದೆ ತಗೊಂಡು ಹೋಗಿ, ಅದಕ್ಕೆ ‘ಪಕ್ಕದ ಮನೆಯವರದ್ದು’ ಅಂತ ಚೀಟಿ ಅಂಟಿಸಿದ ಹಾಗಾಯಿತು. ಹತ್ತು ಸೆಕೆಂಡಿನ ಲೆಕ್ಕವೂ ಅಷ್ಟೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಇಷ್ಟು ಸೆಕೆಂಡ್ ಫ್ರೀ ಅಂತ ಎಲ್ಲೂ ಇಲ್ಲ. 52ನೇ ಕಲಮು ನೋಡುವುದು ಯಾಕೆ ಬಳಸಿದಿರಿ ಅನ್ನುವುದನ್ನು. ಸ್ವಂತಕ್ಕೆ ಕೇಳಲು, ಓದಲು, ವಿಮರ್ಶೆ ಮಾಡಲು, ಸುದ್ದಿ ಹೇಳಲು ಬೇಕಾದಷ್ಟು ಬಳಸಿದರೆ ತಪ್ಪಿಲ್ಲ. 1996ರಲ್ಲಿ ಕೇರಳ ಹೈಕೋರ್ಟು, ಒಂದು ಹೆಸರಾಂತ ನಾಟಕವನ್ನು ಟೀಕಿಸಲಿಕ್ಕೇ ಬರೆದ ಇನ್ನೊಂದು ನಾಟಕಕ್ಕೆ ಇದೇ ಕಲಮಿನಲ್ಲಿ ದಾರಿ ಬಿಟ್ಟಿತ್ತು. ನೀವು ಆ ಹಾಡಿನ ಬಗ್ಗೆಯೇ ಮಾತಾಡಿದ್ದರೆ ಅದು ಬೇರೆ ಮಾತು. ದೋಸೆಗೂ ಹಾಡಿಗೂ ಏನು ಸಂಬಂಧ?

(ಸುಮ್ನೆ ಒಂದು ಮಾತು. ಕಟ್ಟಿಗೆ ಒಲೆ, ಕಾದ ಹಂಚು, ಹಿಟ್ಟು ಬಿದ್ದಾಗ ಚುಂಯ್ ಅನ್ನುವ ಸದ್ದು. ಇಷ್ಟೆಲ್ಲ ಕೈಯಲ್ಲಿ ಇಟ್ಟುಕೊಂಡು ಅದರ ಮೇಲೆ ಹಾಡು ಯಾಕೆ ಹಾಕಿದಿರಿ ಮಾರಾಯರೇ? ಆ ಚುಂಯ್‌ಗೆ ಯಾವ ಕಂಪನಿಯೂ ಕ್ಲೇಮ್ ಹಾಕಲ್ಲ.)

ನಿಮಗೆ ಬಂದದ್ದು ಕ್ಲೇಮ್, ಅಂದರೆ ‘ಈ ಹಾಡು ನಮ್ಮದು’ ಅನ್ನುವ ಹಕ್ಕುದಾರರ ಮಾತು. ಹಕ್ಕುದಾರರೇ ದೂರು ಕೊಟ್ಟು ವಿಡಿಯೋ ತೆಗೆಸಿದಾಗ ಬೀಳುವ ಸ್ಟ್ರೈಕ್ ಅಲ್ಲ. ಹೆದರಬೇಡಿ. ಯೂಟ್ಯೂಬಿನಲ್ಲಿ 2007ರಿಂದ ಕಂಟೆಂಟ್ ಐಡಿ ಅನ್ನುವ ವ್ಯವಸ್ಥೆ ಇದೆ. ಹಕ್ಕುದಾರರು ಕೊಟ್ಟ ಹಾಡಿನ ಜೊತೆ ನಿಮ್ಮ ವಿಡಿಯೋದ ಸದ್ದನ್ನು ಅದು ಹೋಲಿಸಿ ನೋಡುತ್ತದೆ. ಅದು ಯಂತ್ರ. ದೋಸೆ, ವಿಮರ್ಶೆ ಯಾವುದೂ ಅದಕ್ಕೆ ಗೊತ್ತಾಗಲ್ಲ. ಸಾಮಾನ್ಯವಾಗಿ ಜಾಹೀರಾತಿನ ದುಡ್ಡು ಅವರಿಗೆ ಹೋಗುತ್ತದೆ, ಕೆಲವು ಸಲ ವಿಡಿಯೋ ಕಾಣದ ಹಾಗೆ ಆಗುತ್ತದೆ. ಸ್ಟ್ರೈಕ್ ಜೋರು: 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು. ಯಂತ್ರ ತಪ್ಪು ಮಾಡಿದ್ದರೆ ತಕರಾರು ಹಾಕಬಹುದು, ಉತ್ತರ ಕೊಡಲು ಎದುರಿನವರಿಗೆ 30 ದಿನ ಇರುತ್ತದೆ. ಆದರೆ ನಿಮ್ಮ ವಿಷಯದಲ್ಲಿ ಯಂತ್ರ ತಪ್ಪು ಮಾಡಿಲ್ಲ. ಚಾನೆಲ್ ನೋಡಿಕೊಳ್ಳುವ ಯೂಟ್ಯೂಬ್ ಸ್ಟುಡಿಯೋ ಪುಟಕ್ಕೆ ಹೋಗಿ ಆ ಹಾಡಿನ ತುಂಡು ತೆಗೆದುಹಾಕಿ.

ಮದುವೆ ಮನೆಯನ್ನು ಯಾರೂ ಕೇಳದಿರುವುದಕ್ಕೆ ಕಾಯ್ದೆಯೇ ಕಾರಣ. ಮದುವೆ, ದಿಬ್ಬಣ, ಅದಕ್ಕೆ ಸೇರಿದ ಸಂಭ್ರಮದಲ್ಲಿ ಹಾಡು ಹಾಕಿದರೆ ಅದೇ 52ನೇ ಕಲಮು ವಿನಾಯಿತಿ ಕೊಡುತ್ತದೆ. ಮದುವೆ ವಿಡಿಯೋ ಹಾಡಿನ ಸಮೇತ ಯೂಟ್ಯೂಬಿಗೆ ಏರಿಸಿದರೆ ಯಂತ್ರ ಹಿಡಿಯುತ್ತದೆ, ಬೇಕಾದರೆ ನೋಡಿ.

ಈಗ ನಿಮ್ಮ ನಿಜವಾದ ಸಿಟ್ಟಿನ ವಿಷಯ. ಆ ಪೇಜಿನವರಿಗೆ ಏನೂ ಆಗಿಲ್ಲ ಅಂದಿರಿ. ನೀವು ದೂರು ಕೊಟ್ಟಿರಾ? ಪತ್ರದಲ್ಲಿ ಎಲ್ಲೂ ಬರೆದಿಲ್ಲ. ಕಾವಲಿಗೆ ಯಂತ್ರ ಸಿಗುವುದು ದೊಡ್ಡ ಕಂಪನಿಗಳಿಗೆ, ನಮ್ಮಂಥವರು ಕೂತು ಫಾರಂ ತುಂಬಬೇಕು. ಇದು ಅನ್ಯಾಯ ಅಂತಲೇ ನನಗೂ ಅನಿಸುತ್ತದೆ. ಹಾಗಂತ ಹಕ್ಕು ಇಲ್ಲ ಅಂತಲ್ಲ. ವಿಡಿಯೋ ಮಾಡಿದ ಗಳಿಗೆಯಿಂದಲೇ ಅದು ನಿಮ್ಮದು, ಯಾವ ಆಫೀಸಿನಲ್ಲೂ ನೋಂದಾಯಿಸಲೇಬೇಕು ಅಂತೇನಿಲ್ಲ. ಮೊಬೈಲಿನಲ್ಲಿರುವ ಮೂಲ ಫೈಲ್ ಅಳಿಸಬೇಡಿ, ತಾರೀಖು ಅದರಲ್ಲೇ ಇರುತ್ತದೆ. ನಿಮ್ಮ ಲಿಂಕು, ಅವರ ಲಿಂಕು ಎರಡನ್ನೂ ಹಾಕಿ ಫೇಸ್‌ಬುಕ್ಕಿನ ಕಾಪಿರೈಟ್ ಫಾರಂ ಇವತ್ತೇ ಕಳಿಸಿ. ಪೇಜಿನ ಕೆಳಗೆ ಬೈದು ಬರೆಯುವುದರಲ್ಲಿ ಏನೂ ಸಿಗಲ್ಲ.

ಓಬವ್ವನ ಕಥೆಗೆ ಯಾರ ಅಪ್ಪಣೆಯೂ ಬೇಡ. ಕಿಂಡಿ, ಒನಕೆ, ಹೈದರನ ಸೈನಿಕರು, ಊಟಕ್ಕೆ ಕೂತ ಗಂಡ ಎಲ್ಲವೂ ಊರಿನ ಆಸ್ತಿ. ಆದರೆ ನೀವು ಎಲ್ಲಿ ಕೈ ಹಾಕುತ್ತೀರಿ ಅಂತ ನನಗೆ ಗೊತ್ತು! 1972ರ ‘ನಾಗರಹಾವು’ ಚಿತ್ರದ ದೃಶ್ಯ. ಸಿನಿಮಾಕ್ಕೆ ನಮ್ಮಲ್ಲಿ 60 ವರ್ಷ, ಅಂದರೆ 2032 ಮುಗಿಯುವ ತನಕ ಅದು ಹಕ್ಕುದಾರರದ್ದೇ. ಬರಹಕ್ಕೆ ಇನ್ನೂ ಜಾಸ್ತಿ, ಲೇಖಕರು ತೀರಿಕೊಂಡ ಮೇಲೆ 60 ವರ್ಷ. ದುರ್ಗದ ಚರಿತ್ರೆಯನ್ನು ಕಾದಂಬರಿ ಮಾಡಿದ ತ.ರಾ.ಸು. ತೀರಿಕೊಂಡದ್ದು 1984ರಲ್ಲಿ. ಅವರ ಸಾಲುಗಳನ್ನು ಪುಟಗಟ್ಟಲೆ ಓದಿ ಹಾಕಬೇಕಾದರೆ 2044 ಮುಗಿಯಲಿ, ಇಲ್ಲ ಅನುಮತಿ ತಗೊಳ್ಳಿ. ಅವರು ಬರೆದ ರಾಜರ ಬಗ್ಗೆ ನಿಮ್ಮ ಮಾತಿನಲ್ಲೇ ಹೇಳಲು ಯಾರ ಅಡ್ಡಿಯೂ ಇಲ್ಲ.

ಕೊನೆಗೆ ಹೊಂಡದ ಫೋಟೋ. ಕೊಡೋಣ ಅಂದರೆ ಅದು ನನ್ನದಲ್ಲ. ತೆಗೆದವರು ಅವತ್ತು ಆಫೀಸಿಗೆ ಬಂದಿದ್ದ ಅದೇ ದುರ್ಗದವರು, ನಮಗೆ ಒಂದು ಸಲ ಅಚ್ಚು ಹಾಕಲು ಕೊಟ್ಟಿದ್ದಾರೆ ಅಷ್ಟೆ. ನಿಮ್ಮ ಪತ್ರವನ್ನು ಅವರಿಗೆ ಓದಿ ಹೇಳಿದೆ. "ಹುಡುಗ ಕೇಳಿದನಲ್ಲ, ಕೊಡೋಣ ಬಿಡಿ. ಅಂಚು ಮಾತ್ರ ಕತ್ತರಿಸಬಾರದು" ಅಂದರು. ಆಫೀಸಿಗೆ ಫೋನ್ ಮಾಡಿ, ಅವರ ನಂಬರ್ ಕೊಡುತ್ತೇವೆ.

– ಸಂ.