ಮನೆ ಹುಡುಕಲು ಬಂದ ಐದು ದಿನದಲ್ಲಿ ಒಂದು ದಿನ ಕಡಲಿಗೆ

ನೀವು ಕೇಳಿದ್ದು ಇಷ್ಟು. ದುಬೈನಿಂದ ಡಿಸೆಂಬರಿನಲ್ಲಿ ಐದೇ ದಿನಕ್ಕೆ ಬರುತ್ತೀರಿ, ಕಾರವಾರದಲ್ಲಿ ಮನೆ ನೋಡಬೇಕು, ಜೊತೆಗೆ ಇಬ್ಬರು ಮಕ್ಕಳು. ಒಂದು ದಿನ ಬೀಚಿಗೆ ಅಂತ ಇಟ್ಟರೆ ಅದು ದಂಡವಾ?

ದಂಡ ಅಲ್ಲ. ನಾವು ತಪ್ಪು ಮನೆ ಕೊಳ್ಳದೆ ಉಳಿದಿದ್ದೇ ಅಂಥ ಒಂದು ದಿನದಿಂದ.

ನಾವು ಆಗ ಮಸ್ಕತ್‌ನಲ್ಲಿದ್ದೆವು. ನನ್ನ ತವರು ಶಿರಸಿ. ರಜೆಗೆ ಬಂದವರು ಆಯಿಯನ್ನೂ ಕರೆದುಕೊಂಡು ದೇವಿಮನೆ ಘಟ್ಟ ಇಳಿದು, ಕುಮಟಾ ದಾಟಿ ಕಾರವಾರಕ್ಕೆ ಹೋದೆವು. ಮೂರು ದಿನದಲ್ಲಿ ಒಂಬತ್ತು ಮನೆ ನೋಡಿದೆವು. ಒಂಬತ್ತನೆಯದು ಕಾಳಿ ನದಿ ಕಡೆಯದು. ಅಂಗಳದಲ್ಲಿ ನಾಲ್ಕು ತೆಂಗಿನ ಮರ, ಚಿರೆಕಲ್ಲಿನ ಬಾವಿ, ಬಾವಿ ತುಂಬಾ ತಿಳಿನೀರು. ಮಾರನೇ ದಿನವೇ ಮುಂಗಡ ಕೊಟ್ಟುಬಿಡೋಣ ಅಂದರು ಯಜಮಾನರು. ಮಕ್ಕಳು ಮಾತ್ರ ಕಾರಿನಲ್ಲಿ ಕೂತು ಕೂತು ಸೋತಿದ್ದರು. ಚಿಕ್ಕವಳು ಅತ್ತೇ ಬಿಟ್ಟಳು. ಆಯಿ ಹೇಳಿದಳು, ‘ನಾಳೆ ಮನೆ ಮಾತು ಬೇಡ. ಮಕ್ಕಳನ್ನ ಸಮುದ್ರಕ್ಕೆ ಕರೆದುಕೊಂಡು ಹೋಗೋಣ.’

ಬೆಳಿಗ್ಗೆ ಏಳಕ್ಕೆ ಟ್ಯಾಗೋರ್ ಬೀಚಿನಲ್ಲಿದ್ದೆವು. (ಕವಿ ಟ್ಯಾಗೋರರ ಅಣ್ಣ ಇಲ್ಲಿ ನ್ಯಾಯಾಧೀಶರಾಗಿದ್ದಾಗ ಕವಿಗಳು ಬಂದು ಉಳಿದಿದ್ದರು. ಹೆಸರು ಬಂದದ್ದು ಅದರಿಂದ.) ದಡದಲ್ಲಿ ರಂಪಣಿ ಬಲೆ ಎಳೆಯುತ್ತಿದ್ದರು. ನೀವು ನೋಡಿಲ್ಲ ಅಂದರೆ ಹೇಳುತ್ತೇನೆ. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧ ಚಂದ್ರದ ಹಾಗೆ ಬಿಟ್ಟು ಬರುತ್ತಾರೆ. ಎರಡೂ ತುದಿಯ ಹಗ್ಗವನ್ನು ಎರಡು ಸಾಲು ಜನ ಮರಳಿನ ಮೇಲೆ ನಿಂತು ಎಳೆಯುತ್ತಾರೆ. ಎಳೆಯುತ್ತಾ ಎಳೆಯುತ್ತಾ ಎರಡೂ ಸಾಲು ಹತ್ತಿರ ಬರುತ್ತದೆ. ನನ್ನ ಮಗ ಸುಮ್ನೆ ನಿಂತು ನೋಡುತ್ತಿದ್ದ. ಒಬ್ಬ ಅಜ್ಜ ಸನ್ನೆ ಮಾಡಿ ಕರೆದರು. ಅರ್ಧ ಗಂಟೆ ಅವನೂ ಹಗ್ಗ ಹಿಡಿದ. ಬಲೆ ದಡಕ್ಕೆ ಬಂದಾಗ ಬಂಗುಡೆ, ತಾರ್ಲೆ ಪಟಪಟ ಅಂತ ಹಾರುತ್ತಿದ್ದವು. ಮಸ್ಕತ್‌ನಲ್ಲೂ ಸಮುದ್ರ ಇತ್ತು. ಆದರೆ ಅಲ್ಲಿ ಯಾರೂ ಅವನ ಕೈಗೆ ಹಗ್ಗ ಕೊಟ್ಟಿರಲಿಲ್ಲ.

ಅಲ್ಲಿ ಮೀನು ಆರಿಸುತ್ತಿದ್ದ ಒಬ್ಬ ಹೆಂಗಸಿನ ಹತ್ತಿರ ಆಯಿ ಮಾತಿಗೆ ನಿಂತಳು. ಮನೆ ವಿಷಯ ಬಂತು. ಯಾವ ಕೇರಿ ಅಂತ ಕೇಳಿದರು, ಹೇಳಿದೆವು. ‘ಆ ಕಡೆ ಮಾರ್ಚ್ ಆದಮೇಲೆ ಬಾವಿಯಲ್ಲಿ ಖಾರೆಂ ಉದಕ’ ಅಂದರು. ‘ನೀರು ಖಾರ ಇರುತ್ತಾ?’ ಅಂತ ನನ್ನ ಮಗಳು ಕಣ್ಣರಳಿಸಿದಳು. ಕೊಂಕಣಿಯಲ್ಲಿ ಖಾರೆಂ ಅಂದರೆ ಉಪ್ಪು. ಮಳೆ ನಿಂತು ನದಿ ಸೊರಗಿದಾಗ ಸಮುದ್ರದ ನೀರು ಅಳಿವೆಯಿಂದ ಒಳಗೆ ಬರುತ್ತದೆ, ಸುತ್ತಲಿನ ಬಾವಿಗೂ ಇಳಿಯುತ್ತದೆ. ಡಿಸೆಂಬರಿನಲ್ಲಿ ನಾವು ನೋಡಿದ ಬಾವಿ ಸಿಹಿಯೇ ಇತ್ತು. ಯಾರೂ ನಮಗೆ ಸುಳ್ಳು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ ಅಷ್ಟೇ. ಸಂಜೆ ಆ ಕೇರಿಗೆ ಹೋಗಿ ಇನ್ನಿಬ್ಬರನ್ನು ಕೇಳಿದೆವು. ಅವರೂ ಅದನ್ನೇ ಹೇಳಿದರು. ಆ ಮನೆ ಬಿಟ್ಟೆವು. ಕೊಂಡದ್ದು ಎರಡು ವರ್ಷ ಆದಮೇಲೆ, ಸಮುದ್ರದಿಂದ ಸ್ವಲ್ಪ ಒಳಗೆ. ಈ ಸಲ ಏಪ್ರಿಲಿನಲ್ಲಿ ಬಂದು, ಬಾವಿ ನೀರು ಕುಡಿದು ನೋಡಿ ಆಮೇಲೆ.

ಹಾಗಾಗಿ ನೀವೂ ಬೀಚಿನ ದಿನ ದಡದಲ್ಲಿ ಜನರ ಜೊತೆ ಮಾತಾಡಿ. ವಾಪಸು ಬರುವಾಗ ಹತ್ತಿರದ ಮನೆಗಳ ಕಿಟಕಿ ಸರಳು ಎಷ್ಟು ತುಕ್ಕು ಹಿಡಿದಿದೆ ನೋಡಿ. ಉಪ್ಪು ಗಾಳಿ ಎಲ್ಲಿಯವರೆಗೆ ಬರುತ್ತದೆ ಅಂತ ಅದರಲ್ಲೇ ಗೊತ್ತಾಗುತ್ತದೆ. ಗುಡ್ಡ ಕಡಿದು ಕಟ್ಟಿದ ಮನೆ ಎಷ್ಟು ಚಂದ ಇದ್ದರೂ ನಾನಂತೂ ಬೇಡ ಅನ್ನುತ್ತೇನೆ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದದ್ದು ನಿಮಗೂ ನೆನಪಿರಬಹುದು.

ಕಾಗದ ಪತ್ರ ವಕೀಲರು ನೋಡುತ್ತಾರೆ, ಎರಡು ಮಾತು ಮಾತ್ರ ಹೇಳುತ್ತೇನೆ. ವಿದೇಶದಲ್ಲಿ ನೆಲೆಸಿರುವ ಭಾರತೀಯರು ಮನೆ, ಫ್ಲ್ಯಾಟ್, ಸೈಟು ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳಲು ಫೆಮಾ (ವಿದೇಶಿ ವಿನಿಮಯ ನಿರ್ವಹಣಾ) ಕಾಯ್ದೆ ಬಿಡುವುದಿಲ್ಲ. ನಮ್ಮ ಕರಾವಳಿಯಲ್ಲಿ ಎಷ್ಟೋ ಮನೆ ತೆಂಗಿನ ತೋಟದ ಒಳಗೇ ಇರುತ್ತವೆ. ಪಹಣಿಯಲ್ಲಿ ಇನ್ನೂ ತೋಟ ಅಂತಲೇ ಇದೆಯಾ, ಬಿನ್‌ಶೇತ್ಕಿ (ಕೃಷಿಯೇತರ) ಆಗಿದೆಯಾ ಅಂತ ಮೊದಲು ಕೇಳಿ. ಸಮುದ್ರದ ಭರತದ (ಉಬ್ಬರದ) ಗೆರೆಯಿಂದ 500 ಮೀಟರ್ ಒಳಗಿದ್ದರೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮವೂ ಬರುತ್ತದೆ. ಮುಂದೆ ಒಂದು ಕೋಣೆ ಸೇರಿಸಬೇಕು ಅಂದರೂ ಅದು ಅಡ್ಡ ಬರಬಹುದು.

ಮಕ್ಕಳ ಮಟ್ಟಿಗೆ: ಹತ್ತು ಗಂಟೆಗೆಲ್ಲ ಬಿಸಿಲು ಏರುತ್ತದೆ, ಆಗ ಚಪಲ್ ಯುದ್ಧನೌಕೆ ಮ್ಯೂಸಿಯಂ ಒಳಗೆ ಕರೆದುಕೊಂಡು ಹೋಗಿ. ಅದು ದಡದಲ್ಲೇ ಇದೆ. ಕೋಡಿಬಾಗದಲ್ಲಿ ಕಾಳಿ ಸಮುದ್ರ ಸೇರುವ ಜಾಗ ನೋಡೋಕೆ ಬಲು ಚಂದ, ಆದರೆ ಅಲ್ಲಿ ನೀರಿಗೆ ಇಳಿಸಬೇಡಿ, ಸೆಳೆತ ಜಾಸ್ತಿ. ಮತ್ತೆ, ಬೀಚಿನ ದಿನವನ್ನು ಕೊನೆಗೆ ಇಡಬೇಡಿ. ಎರಡನೇ ದಿನವೇ ಹೋಗಿ. ಅಲ್ಲಿ ಏನಾದರೂ ಕಿವಿಗೆ ಬಿದ್ದರೆ ವಿಚಾರಿಸೋಕೆ ಇನ್ನೂ ಮೂರು ದಿನ ಕೈಯಲ್ಲಿರುತ್ತದೆ.